ಅಧಿಕೃತ ಮೆರೂನ್

ಬಣ್ಣದ ವಿಷಯದಲ್ಲಿ ನಾನು ತಪ್ಪು ಮಾಡಬಲ್ಲೆ ಎಂಬ ಅನುಮಾನ ಇಷ್ಟು ವಯಸ್ಸಾದರೂ ನನಗೆ ಬಂದಿರಲಿಲ್ಲ. ತಿಪಟೂರಿನ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಪುಸ್ತಕದ ಬೆನ್ನು ಮುಟ್ಟಿದರೆ ಸಾಕು, ಅದು ಯಾವ ಕಪಾಟಿನದು ಎಂದು ಹೇಳುವವನು. ಅಂಥವನಿಗೆ ಒಂದು ಅಂಗಿ ಕೊಳ್ಳುವುದು ಎಷ್ಟರ ಕೆಲಸ?

ಎಲ್ಲ ಶುರುವಾದದ್ದು ಒಂದು ಸುತ್ತೋಲೆಯಿಂದ. ನಮ್ಮ ವಿಶ್ವವಿದ್ಯಾಲಯದ ಕ್ರೀಡಾ ತಂಡಗಳಿಗೆ ಅಲ್ಲಿಯವರೆಗೆ ತಮ್ಮದೇ ಬಣ್ಣ ಅಂತ ಒಂದಿರಲಿಲ್ಲ. ಕಬಡ್ಡಿಯವರು ಹಳದಿ ಹಾಕುತ್ತಿದ್ದರು. ಖೊಖೊದವರು ಯಾವ ಅಂಗಡಿಯವರು ಬನಿಯನ್ ಕೊಡಿಸುತ್ತಾರೋ ಆ ಅಂಗಡಿಯ ಬೋರ್ಡಿನ ಬಣ್ಣ ಹಾಕುತ್ತಿದ್ದರು. ಈ ಅರಾಜಕತೆಗೆ ಅಂತ್ಯ ಹಾಡಲು ಮೇಲಿನವರೆಲ್ಲ ಸೇರಿ, ಕೂಲಂಕಷವಾಗಿ ಚರ್ಚಿಸಿ, ಇನ್ನು ಮುಂದೆ ಅಧಿಕೃತ ಬಣ್ಣ ಮೆರೂನ್ ಎಂದು ತೀರ್ಮಾನಿಸಿದ್ದರು. ಯಾರಿಗೂ ಗೊಂದಲವಾಗಬಾರದೆಂದು ಸುತ್ತೋಲೆಯ ಕೆಳಗೆ ಒಂದು ಚೌಕ ಹಾಕಿ ಬಣ್ಣದ ಮಾದರಿಯನ್ನೂ ಅಚ್ಚು ಮಾಡಿಸಿದ್ದರು. ನಮ್ಮ ಕಾಲೇಜಿಗೆ ಬಂದದ್ದು ಅದರ ಜೆರಾಕ್ಸ್. ಚೌಕ ಕಪ್ಪಗಿತ್ತು.

ಅಷ್ಟರಲ್ಲಿ ವಿಶ್ವವಿದ್ಯಾಲಯಗಳ ನಡುವಿನ ವಾಲಿಬಾಲ್ ಪಂದ್ಯ ನಮ್ಮ ಊರಿಗೇ ಬಂತು. ಭಾನುವಾರ ಫೈನಲ್. ಸಿಬ್ಬಂದಿಯೆಲ್ಲ ಅಧಿಕೃತ ಬಣ್ಣದ ಬಟ್ಟೆ ತೊಟ್ಟು, ಒಂದೇ ಕಡೆ ಕೂತು ನಮ್ಮ ತಂಡಕ್ಕೆ ಹುರುಪು ತುಂಬಬೇಕೆಂದು ಪ್ರಿನ್ಸಿಪಾಲರು ಅಪ್ಪಣೆ ಮಾಡಿದರು. ಉಳಿದವರು ಭಾನುವಾರ ಹಾಳಾಯಿತೆಂದು ಗೊಣಗಿದರು. ನನಗೆ ಮಾತ್ರ ಒಳಗೊಳಗೇ ಖುಷಿ. ನನ್ನ ಹೆಂಡತಿ ಶಾರದೆ ತೀರಿಕೊಂಡು ಎರಡು ವರ್ಷವಾಗಿತ್ತು. ನಮಗೆ ಮಕ್ಕಳಿಲ್ಲ. ಲೈಬ್ರರಿಯಲ್ಲಿ ‘ಮೌನವಾಗಿರಿ’ ಎಂದು ಬೋರ್ಡು ಹಾಕಿದ್ದೇನೆ. ಮನೆಯಲ್ಲಿ ಬೋರ್ಡಿಲ್ಲದೆಯೇ ಆ ನಿಯಮ ಜಾರಿಗೆ ಬಂದಿತ್ತು. ಭಾನುವಾರ ಬಂತೆಂದರೆ ನಾನು ಪೇಪರಿನಲ್ಲಿ ಟೆಂಡರ್ ಪ್ರಕಟಣೆಗಳನ್ನೂ ಬಿಡದೆ ಓದುತ್ತಿದ್ದೆ. ಹಾಗಿರುವಾಗ, ಹತ್ತು ಜನರ ನಡುವೆ ಅವರದೇ ಬಣ್ಣದ ಅಂಗಿ ತೊಟ್ಟು ಕೂರುವುದು ಸಣ್ಣ ವಿಷಯವೇ?

ಆದರೆ ಆವರೆಗೆ ನಾನಾಗಿ ಒಂದು ಅಂಗಿಯನ್ನೂ ಕೊಂಡವನಲ್ಲ. ಎಲ್ಲವನ್ನೂ ಶಾರದೆಯೇ ತರುತ್ತಿದ್ದಳು. ಮೆರೂನ್ ಎಂದರೆ ನಿಖರವಾಗಿ ಯಾವುದು ಎಂದು ಪಕ್ಕದ ಮನೆಯ ಗೌರಮ್ಮನನ್ನು ಕೇಳಿದೆ. ಆಕೆಯ ಗಂಡನಿಗೆ ಕೊಬ್ಬರಿ ಮಂಡಿ. ಇಬ್ಬರ ಹಿತ್ತಿಲಿಗೂ ಒಂದೇ ಕಾಂಪೌಂಡು.

“ಹಳೇ ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕಣಣ್ಣ” ಎಂದಳು. “ಇರಿ, ಅಂಗಡಿಗೆ ನಾನೂ ಬತ್ತೀನಿ.”

ಒಂದು ಅಂಗಿಗೆ ಇಬ್ಬರು ಯಾಕೆಂದು ನಾನು ನಕ್ಕೆ. ಗೌರಮ್ಮ ಏನೋ ಹೇಳಹೊರಟವಳು ಸುಮ್ಮನಾದಳು. ಭಾನುವಾರ ಅವರ ಮನೆಯವರೆಲ್ಲ ಸಂಪಿಗೆ ಊರಿನ ಶ್ರೀನಿವಾಸನ ದೇವಸ್ಥಾನಕ್ಕೆ ಹೊರಟಿದ್ದರಿಂದ ಮುಂದೆ ನಡೆದದ್ದನ್ನು ತಪ್ಪಿಸಲು ಆಕೆ ಊರಲ್ಲಿರಲಿಲ್ಲ.

ಗ್ರಂಥಪಾಲಕನಾದವನು ಆಧಾರವಿಲ್ಲದೆ ಹೆಜ್ಜೆ ಇಡಬಾರದು. ಅಡುಗೆಮನೆಯ ಡಬ್ಬದಿಂದ ಒಂದು ಬ್ಯಾಡಗಿ ಮೆಣಸಿನಕಾಯಿ ತೆಗೆದು ಜೇಬಿಗೆ ಹಾಕಿಕೊಂಡು ಶನಿವಾರ ಬಟ್ಟೆ ಅಂಗಡಿಗೆ ಹೋದೆ. ಯಾವ ಬಣ್ಣ ಬೇಕೆಂದು ಅಂಗಡಿಯವರು ಕೇಳಿದರು. ನಾನೇ ನೋಡಿಕೊಳ್ಳುತ್ತೇನೆ ಎಂದು ಗಾಂಭೀರ್ಯದಿಂದ ಹೇಳಿ, ಮೆಣಸಿನಕಾಯಿ ಹೊರತೆಗೆದು ಒಂದೊಂದೇ ಅಂಗಿಯ ಮೇಲಿಟ್ಟು ಹೋಲಿಸತೊಡಗಿದೆ. ಅಂಗಡಿಯವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ, ದೃಷ್ಟಿ ಗಿಷ್ಟಿ ಏನಾದರೂ ಆಗಿದೆಯೇ ಎಂದು ವಿಚಾರಿಸಿದರು. ನನಗೆ ಅವಮಾನವಾಯಿತು. ಬೆವರು ಒರೆಸಿಕೊಳ್ಳುವ ಭರದಲ್ಲಿ ಮೆಣಸಿನಕಾಯಿ ಹಿಡಿದ ಕೈಯಿಂದಲೇ ಕಣ್ಣುಜ್ಜಿಕೊಂಡೆ.

ಅಲ್ಲಿಗೆ ಸಂಶೋಧನೆ ಮುಗಿಯಿತು. ಧಾರಾಕಾರವಾಗಿ ನೀರು ಸುರಿಸುತ್ತಾ, ಕೊನೆಗೆ ಹೋಲಿಸಿದ್ದ ಅಂಗಿಯನ್ನೇ ಕಟ್ಟಿಕೊಡಲು ಹೇಳಿದೆ. ಮೆಣಸಿನಕಾಯಿಗೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಂಡಿರಲಿಲ್ಲ. ದುಃಖದಲ್ಲಿರುವ ಗಿರಾಕಿಯೊಂದಿಗೆ ಮಾತು ಬೆಳೆಸಬಾರದೆಂದು ಅಂಗಡಿಯವರೂ ಮರುಮಾತಾಡದೆ ಕಟ್ಟಿಕೊಟ್ಟರು.

ಭಾನುವಾರ ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟು ಮೈದಾನಕ್ಕೆ ಹೋದೆ. ಗೇಟಿನಲ್ಲಿದ್ದ ಸ್ವಯಂಸೇವಕ ನನ್ನ ಅಂಗಿಯನ್ನು ನೋಡಿ, ಮರುಯೋಚನೆಯಿಲ್ಲದೆ ಎಡಗಡೆಯ ಶಾಮಿಯಾನಕ್ಕೆ ಕಳಿಸಿದ. ಅಧಿಕೃತ ಬಣ್ಣದ ಮಹಿಮೆ ಎಂದರೆ ಇದು ಎಂದುಕೊಂಡೆ. ಅಲ್ಲಿದ್ದವರೆಲ್ಲ ನನ್ನಂಥದೇ ಅಂಗಿ, ಸೀರೆಗಳಲ್ಲಿದ್ದರು. ಪರಿಚಯದ ಮುಖ ಒಂದೂ ಕಾಣಲಿಲ್ಲ. ನಮ್ಮ ಕಾಲೇಜಿನವರು ಎಂದಿನಂತೆ ತಡ, ಇವರು ಬೇರೆ ಕಾಲೇಜುಗಳವರು ಎಂದು ತೀರ್ಮಾನಿಸಿದೆ.

ನಾನು ಒಂದು ಮೂಲೆಯ ಕುರ್ಚಿ ಹಿಡಿಯುವಷ್ಟರಲ್ಲಿ ಒಬ್ಬ ದಪ್ಪನೆಯ ಮೇಷ್ಟ್ರು ಕೈಹಿಡಿದು ಎಬ್ಬಿಸಿ, ಮುಂದಿನ ಸಾಲಿನಲ್ಲಿ ತಮ್ಮ ಪಕ್ಕಕ್ಕೇ ಕೂರಿಸಿಕೊಂಡರು. ಅವರ ಹೆಂಡತಿ ರತ್ನಮ್ಮ ಒಂದು ದೊಡ್ಡ ಡಬ್ಬಿಯ ಮುಚ್ಚಳ ತೆಗೆದು ನನಗೂ ಚಿತ್ರಾನ್ನ ಹಾಕಿಕೊಟ್ಟರು. ಯಾವ ವಿಭಾಗ, ಸರ್ವೀಸು ಇನ್ನೆಷ್ಟಿದೆ, ಮಂಡಿ ನೋವು ಇದೆಯೇ, ಎಲ್ಲವನ್ನೂ ಕೇಳಿದರು. ಮನೆಯಲ್ಲಿ ಯಾರ‍್ಯಾರಿದ್ದೀರಿ ಎಂದೂ ಕೇಳಿದರು. ಒಬ್ಬನೇ ಎಂದೆ. ಆಕೆ ತಟ್ಟೆಗೆ ಇನ್ನೊಂದು ಸೌಟು ಹಾಕಿದರು. ಚಿತ್ರಾನ್ನಕ್ಕೆ ಕಡಲೇಕಾಯಿ ಬೀಜ ಧಾರಾಳವಾಗಿ ಬಿದ್ದಿತ್ತು. ಇಂಥ ಸಹೃದಯರಿರುವ ವಿಶ್ವವಿದ್ಯಾಲಯದಲ್ಲಿದ್ದೂ ಇಷ್ಟು ದಿನ ಒಂಟಿಯಾಗಿದ್ದೆನಲ್ಲ ಎಂದು ನನ್ನ ಮೇಲೇ ನನಗೆ ಮರುಕ ಬಂತು.

ಪಂದ್ಯ ಶುರುವಾಯಿತು. ಆಗ ನನಗೊಂದು ತಾಂತ್ರಿಕ ತೊಂದರೆ ಎದುರಾಯಿತು. ಎರಡೂ ತಂಡದವರು ಒಂದೇ ಬಣ್ಣ ತೊಟ್ಟಿದ್ದರು! ಹೀಗಾದರೆ ಯಾರು ಯಾರೆಂದು ತಿಳಿಯುವುದು ಹೇಗೆ ಎಂದು ಪಕ್ಕದ ಮೇಷ್ಟ್ರನ್ನು ಕೇಳಿದೆ. ಅವರು ಹೊಟ್ಟೆ ಕುಣಿಸಿ ನಕ್ಕು, ನಾನು ಭಾರಿ ತಮಾಷೆಯ ಮನುಷ್ಯನೆಂದು ಹೆಂಡತಿಗೂ ಹಿಂದಿನ ಸಾಲಿನವರಿಗೂ ಹೇಳಿದರು. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಆ ಹೊಗಳಿಕೆಯನ್ನು ಕಳೆದುಕೊಳ್ಳಲು ಮನಸ್ಸಾಗದೆ ಮತ್ತೆ ಕೇಳಲಿಲ್ಲ. ಅವರು ಚಪ್ಪಾಳೆ ತಟ್ಟಿದಾಗ ತಟ್ಟಿದೆ, ಎದ್ದಾಗ ಎದ್ದೆ. ನಡುವೆ ಎದುರಿನ ಶಾಮಿಯಾನದಿಂದ ಯಾರೋ ನನ್ನ ಕಡೆಗೇ ಕೈ ಬೀಸುತ್ತಿದ್ದರು. ದೂರದಿಂದ ಮುಖ ಕಾಣಲಿಲ್ಲ. ಎದುರಾಳಿಗಳಾದರೂ ಸೌಜನ್ಯವಂತರು ಎಂದು ನಾನೂ ಬೀಸಿದೆ. ಅವರು ಎರಡು ಕೈಯಲ್ಲೂ ಬೀಸಿದರು. ನಾನೂ ಎರಡು ಕೈಯಲ್ಲಿ ಬೀಸಿದೆ.

ಗೆದ್ದೆವು. ಮೇಷ್ಟ್ರು ನನ್ನನ್ನು ತಬ್ಬಿಕೊಂಡರು. ಹಿರಿಯರು ನೀವು, ಬನ್ನಿ ಎಂದು ಮೈದಾನಕ್ಕೆ ಎಳೆದೊಯ್ದರು, ಆಟಗಾರರ ನಡುವೆ ನಿಲ್ಲಿಸಿ ಕಪ್ಪನ್ನು ನನ್ನ ಕೈಗೇ ಕೊಟ್ಟರು. ಅದನ್ನು ತಲೆಯ ಮೇಲೆತ್ತಿ ಹಿಡಿದೆ. ಫೋಟೊ ತೆಗೆದರು. ಆ ಹೊತ್ತಿಗೆ ಸರಿಯಾಗಿ ನಮ್ಮ ಪ್ರಿನ್ಸಿಪಾಲರು ಎದುರಿನ ಶಾಮಿಯಾನದಿಂದ ಬೀಸುನಡಿಗೆಯಲ್ಲಿ ಬಂದರು. ಕೈ ಬೀಸಿದವರು ಅವರೇ ಎಂದು ಆಗ ಗೊತ್ತಾಯಿತು.

“ಏನ್ರೀ ಇದು?”

“ಅಧಿಕೃತ ಬಣ್ಣ ಸಾರ್” ಎಂದೆ, ಕಪ್ ಇಳಿಸದೆ.

“ಯಾವ ವಿಶ್ವವಿದ್ಯಾಲಯದ್ದು?”

ಒಬ್ಬ ಆಟಗಾರ ಮೆಲ್ಲಗೆ ನನ್ನ ಕೈಯಿಂದ ಕಪ್ಪನ್ನು ತೆಗೆದುಕೊಂಡ. ಇವರದು ಹಸಿರು, ನಮ್ಮದು ಮೆರೂನ್, ನೀವು ತೊಟ್ಟಿರುವುದು ಎಲೆಹಸಿರು ಎಂದು ಪ್ರಿನ್ಸಿಪಾಲರು ಚಿಕ್ಕ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ನಾನು ಅಂಗಿಯನ್ನು ನೋಡಿಕೊಂಡೆ, ಅವರ ಅಂಗಿಯನ್ನು ನೋಡಿದೆ. ನನಗೆ ಎರಡೂ ಒಂದೇ.

ರತ್ನಮ್ಮ ಡಬ್ಬಿ ಹಿಡಿದುಕೊಂಡು ಹತ್ತಿರ ಬಂದರು. “ನೀವು ನಮ್ಮೋರಲ್ವ ಸಾರ್?”

“ಅಲ್ಲಮ್ಮ.”

ಆಕೆ ಡಬ್ಬಿಯ ಮುಚ್ಚಳ ಒತ್ತಿ, “ಇರ್ಲಿ ಬುಡಿ, ಊಟ ಮಾಡುದ್ರಲ್ಲ” ಎಂದರು. ಆಮೇಲೆ ಅವರ ಬಸ್ಸು ಹೊರಟಿತು. ಕಿಟಕಿಯಿಂದ ಎಲ್ಲರೂ ಕೈ ಬೀಸಿದರು, ತಮಾಷೆಯ ಮನುಷ್ಯನಿಗೆ. ನಮ್ಮ ಕಾಲೇಜಿನವರು ಅಷ್ಟರಲ್ಲಿ ತಮ್ಮ ವ್ಯಾನು ಹತ್ತಿ ಹೋಗಿಯಾಗಿತ್ತು. ನಾನು ನಡೆದೇ ಮನೆ ಸೇರಿದೆ.

ಸಂಜೆ ಗೌರಮ್ಮ ದೇವಸ್ಥಾನದ ಪ್ರಸಾದ ಕೊಡಲು ಕಾಂಪೌಂಡಿನ ಬಳಿ ಬಂದವಳು ನನ್ನ ಅಂಗಿ ನೋಡಿದ್ದೇ ಹಣೆ ಚಚ್ಚಿಕೊಂಡಳು. ನಡೆದದ್ದನ್ನೆಲ್ಲ ಹೇಳಿದೆ. ಆಕೆ ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

“ನಿಮಗೆ ಕೆಂಪು ಹಸುರು ಗೊತ್ತಾಗಲ್ಲ ಕಣಣ್ಣ. ಶಾರದಕ್ಕ ಮದುವೆಯಾದ ವರ್ಸವೇ ಕಂಡು ಹಿಡಿದಿತ್ತು. ಹೇಳುದ್ರೆ ಎಲ್ಲಿ ಬೇಜಾರ್ ಮಾಡ್ಕತಾರೋ ಅಂತ ಹೇಳ್ಲಿಲ್ಲ. ನೀನೂ ಹೇಳ್ಬೇಡ ಅಂದಿತ್ತು.”

ಒಳಗೆ ಬಂದು ಬೀರು ತೆಗೆದೆ. ಶಾರದೆ ತಂದ ಅಂಗಿಗಳು ಸಾಲಾಗಿ ತೂಗುಬಿದ್ದಿದ್ದವು. ನೀಲಿ, ಬಿಳಿ, ತಿಳಿನೀಲಿ, ಹಳದಿ ಗೆರೆಯ ನೀಲಿ. ನನಗೆ ಗೊತ್ತಾಗುವ ಬಣ್ಣಗಳು ಮಾತ್ರ. ಪ್ರತಿ ಹಬ್ಬಕ್ಕೂ ಮತ್ತೆ ನೀಲಿಯೇ ಎಂದು ನಾನು ಮೂತಿ ತಿರುಗಿಸುತ್ತಿದ್ದೆ. ನನಗೆ ಬಣ್ಣದ ಅಭಿರುಚಿಯೇ ಇಲ್ಲ ಕಣ್ರೀ ಎಂದು ಅವಳು ತಪ್ಪನ್ನು ತನ್ನ ಮೇಲೇ ಹಾಕಿಕೊಂಡು ನಗುತ್ತಿದ್ದಳು. ಈ ಸಲ ಕಣ್ಣಲ್ಲಿ ನೀರು ಬಂದದ್ದಕ್ಕೆ ಮೆಣಸಿನಕಾಯಿಯ ನೆಪವಿರಲಿಲ್ಲ.

ಆ ವಾರವೇ ಕಣ್ಣು ತೋರಿಸಲು ಹೋದೆ. ಡಾಕ್ಟರರು ಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದು ಒಳಗೆ ಯಾವ ಅಂಕಿ ಇದೆ ಎಂದು ಕೇಳಿದರು. ಅಂಕಿಯಿಲ್ಲ, ಪುಸ್ತಕವನ್ನು ಮಾತ್ರ ಚೆನ್ನಾಗಿ ಬೈಂಡ್ ಮಾಡಿದ್ದಾರೆ ಎಂದೆ. ಇದು ಹುಟ್ಟಿನಿಂದ ಬಂದದ್ದು, ಔಷಧಿಯಿಲ್ಲ ಎಂದರು. ಹಾಗೆಯೇ ದಿನನಿತ್ಯ ಇನ್ನೇನಾದರೂ ತೊಂದರೆಯಾಗುತ್ತಿದೆಯೇ, ಉದಾಹರಣೆಗೆ ಹಣ್ಣು ತರಕಾರಿ ಆರಿಸುವಾಗ, ಎಂದು ವಿಚಾರಿಸಿದರು.

ನನಗೆ ಥಟ್ಟನೆ ಜ್ಞಾನೋದಯವಾಯಿತು. ಎರಡು ವರ್ಷದಿಂದ ನಾನು ಮಾಡುವ ಸಾರು ಬಾಯಿಗಿಡಲಾಗದಂತೆ ಇರುತ್ತಿತ್ತು. ಶಾರದೆಯ ಸಾರಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ಹಸಿರು ಕಾಯಿಯನ್ನೇ ಹಣ್ಣು ಟೊಮೇಟೊ ಎಂದು ತಂದು ಬೇಯಿಸುತ್ತಿದ್ದೆನಲ್ಲ! ದೋಷ ಕೈಯದಲ್ಲ, ಕಣ್ಣಿನದು. ಎಷ್ಟು ಸಮಾಧಾನವಾಯಿತೆಂದರೆ, ಡಾಕ್ಟರರ ಕೈಕುಲುಕಿ ನೇರವಾಗಿ ಗೌರಮ್ಮನ ಮನೆಗೆ ಹೋದೆ.

ಮರುದಿನ ಆಕೆಯೇ ಸಂತೆಗೆ ಬಂದು, ಒಂದೊಂದನ್ನೂ ಅಮುಕಿ ನೋಡಿ, ಕಳಿತ ಟೊಮೇಟೊ ಹಣ್ಣು ಆರಿಸಿಕೊಟ್ಟಳು. ಶ್ರದ್ಧೆಯಿಂದ ಸಾರು ಮಾಡಿದೆ. ಒಂದು ಲೋಟ ಕಾಂಪೌಂಡಿನ ಮೇಲಿಂದ ದಾಟಿಸಿ ತೀರ್ಪಿಗಾಗಿ ಕಾದೆ. ಗೌರಮ್ಮ ಒಂದು ಗುಟುಕು ಕುಡಿದಳು. ಸ್ವಲ್ಪ ಹೊತ್ತು ತೆಂಗಿನಮರ ನೋಡಿದಳು.

“ಹಣ್ಣೇನೋ ಚೆನ್ನಾಗೈತೆ ಕಣಣ್ಣ” ಎಂದು ಲೋಟ ವಾಪಸು ಕೊಟ್ಟಳು.