ಬಾಡಿಗೆ ರೂಮಿನ ಗೃಹಪ್ರವೇಶ

"ಈ ಸಲ ಯಾರ ಮನಿಗೂ ಹೋಗಾಂಗಿಲ್ಲ! ಹೊಸಪ್ಯಾಟ್ಯಾಗ ರೂಮು ಹಿಡೀತೀನಿ!"

ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಜಂಬಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. ನಾನು ಇಂಥ ಚಾರಿತ್ರಿಕ ಘೋಷಣೆಗಳನ್ನು ಹೊರಡಿಸಿದಾಗಲೆಲ್ಲ ಅವಳು ರೊಟ್ಟಿಯನ್ನೇ ಬಡಿಯುತ್ತಿರುತ್ತಾಳೆ.

ಓದುಗರೇ, ರೂಮೆಂದರೆ ಸಾಮಾನ್ಯ ಸಂಗತಿಯಲ್ಲ! ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಟೆಲಿನ ರೂಮಿನಲ್ಲಿ ಇಳಿದ ಗಂಡಸು ಆ ಕಾಲಕ್ಕೆ ನಮ್ಮ ಕಂಪ್ಲಿಯಲ್ಲಿ ಒಬ್ಬನೂ ಇರಲಿಲ್ಲ. ರೂಮುಗಳಿದ್ದದ್ದು ಸೊಂಡೂರಿನ ಮ್ಯಾಂಗನೀಸ್ ಗಣಿಗೆ ಓಡಾಡುವ ಏಜೆಂಟರಿಗೆ, ಮದರಾಸಿನಿಂದ ಬರುವ ಕಂಟ್ರಾಕ್ಟರುಗಳಿಗೆ. ಸಂಸಾರಸ್ಥರು ಪರಊರಿಗೆ ಹೋದರೆ ನೆಂಟರ ಮನೆ, ನೆಂಟರಿಲ್ಲದಿದ್ದರೆ ಛತ್ರ. ಈ ಪದ್ಧತಿಯನ್ನು ಮುರಿಯುವ ಮೊದಲ ವೀರ ನಾನೇ ಆಗಬೇಕೆಂದು ನಿಶ್ಚಯಿಸಿದ್ದೆ.

ಎಲ್ಲಾ ನಿದ್ದೆಗಾಗಿ! ನಾನು ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ನಾನು ಕೂರುವ ಗಾದಿಯ ಹಿಂದಿನ ಗೋಡೆಗೆ ಹೊಂದಿಕೊಂಡೇ ಎಂಜಿನ್ನು ಇದೆ. ವರ್ಷವಿಡೀ ಅದು ನನ್ನ ತಲೆಯೊಳಗೇ ಓಡುತ್ತದೆ. ಮನೆಗೆ ಬಂದರೆ ನಾಲ್ಕು ಮಕ್ಕಳು. ಆ ಬೇಸಿಗೆಯಲ್ಲಿ ದೇವರು ಕಣ್ಣು ಬಿಟ್ಟ. ಎಂಜಿನ್ನು ಕೆಟ್ಟು ಬಳ್ಳಾರಿಗೆ ರಿಪೇರಿಗೆ ಹೋಯಿತು! "ಅದು ಬರೋತನಕ ನೀನೂ ಆರಾಮ್ ಮಾಡು, ಪಾಲಪ್ಪಾ" ಎಂದರು ಧಣಿಗಳು. ಮಕ್ಕಳಿಗೆ ಹಂಪಿ ನೋಡುವ ಆಸೆ. ನನಗೆ ಒಂದೇ ಒಂದು ಆಸೆ: ಬಾಗಿಲಿಗೆ ಚಿಲಕ ಹಾಕಿ, ಮಂಚದ ಮೇಲೆ ಕಾಲು ಚಾಚಿ, ಒಂದು ಮಧ್ಯಾಹ್ನ ಪೂರ್ತಿ ಮಲಗಬೇಕು. ಹೊಟ್ಟೆತುಂಬ ಮಲಗಬೇಕು.

"ಹೊಸಪ್ಯಾಟ್ಯಾಗ ನಮ್ಮ ಜಡೆಪ್ಪ ಮಾವನ ಮನಿ ಇಲ್ಲೇನ್ರಿ? ವರ್ಸಾ ಅಲ್ಲೇ ಇಳೀತೀವಿ" ಎಂದಳು ಜಂಬಮ್ಮ. ಜಡೆಪ್ಪ ಅವಳ ಸೋದರಮಾವ. ಪೇಟೆಯಲ್ಲಿ ಬೆಲ್ಲದ ಅಂಗಡಿ.

"ಅದೊಂದು ಮನೀನ? ಸೊಸೆಂದ್ರು, ಮೊಮ್ಮಕ್ಳು, ಸಂತಿ! ಅದ್ರಾಗ ನಿಮ್ಮ ಮಾವ ರಾತ್ರಿಯೆಲ್ಲಾ ಗ್ವಾಡಿಗೆ ಒರಗಿ ಕುಂತು ತಂಬಾಕು ಜಗೀತಾನ, ಕೆಮ್ಮತಾನ. ಅಲ್ಲಿ ನಾ ಒಂದು ದಿನಾನೂ ಕಣ್ಣು ಮುಚ್ಚಿಲ್ಲ!"

"ನೀವು ಕಣ್ಣು ಮುಚ್ಚಿಲ್ಲ?" ಎಂದು ಜಂಬಮ್ಮ ನನ್ನನ್ನು ಒಂದು ಥರಾ ನೋಡಿದಳು. "ಹೋಗ್ಲಿ ಬಿಡ್ರಿ. ಯಾರ ನಿದ್ದಿ ಯಾರು ಕೆಡಿಸ್ಯಾರ ಅಂತ ಆ ಶಿವಗ ಗೊತ್ತು."

ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ನಾವು ಬಂದಿರುವುದು ಜಡೆಪ್ಪನ ಮನೆಗೆ ಗೊತ್ತಾಗಬಾರದು ಎಂದು ಎಲ್ಲರಿಂದ ಭಾಷೆ ತೆಗೆದುಕೊಂಡು ಬಸ್ಸು ಹತ್ತಿಸಿದೆ. ಊರಿಗೆ ಬಂದೂ ಮನೆಗೆ ಬರಲಿಲ್ಲ ಎಂದು ತಿಳಿದರೆ ಅವನ ಹೆಂಡತಿ ತಾಯಕ್ಕ ಜೀವ ಇರುವತನಕ ಮಾತಾಡಿಸುವವಳಲ್ಲ.

ಸ್ಟೇಷನ್ನಿನ ಹತ್ತಿರ ಮರುಳಸಿದ್ದಪ್ಪನ ಊಟದ ಹೋಟೆಲು. ಮಹಡಿಯ ಮೇಲೆ ರೂಮುಗಳು. ಸಂಸಾರ ಸಮೇತ ಬಂದ ನನ್ನನ್ನು ಕಂಡು ಅವನು ಗಲ್ಲದ ಮೇಲೆ ಕೈ ಇಟ್ಟುಕೊಂಡ.

"ನಾಲ್ಕೂ ಮಕ್ಳು ನಿಮ್ಮವೇನ್ರಿ?"

"ಬ್ಯಾರೆದೋರ ಮಕ್ಳನ್ನ ಕರ್ಕೊಂಡು ನಾ ಯಾಕ ತಿರಗಾಡ್ಲಿ?"

"ನೋಡ್ರಿ, ಗದ್ಲ ಆಗಬಾರ್ದು. ಮಗ್ಗಲ ರೂಮಿನ್ಯಾಗ ಏಜೆಂಟರದಾರ."

"ಗದ್ಲಾನ? ನಾವು ಬಂದಿರೋದ ನಿದ್ದಿ ಮಾಡಾಕ!"

ಅವನು ಒಂದು ಗೇಣುದ್ದದ ಬೀಗದ ಕೈ ಕೊಟ್ಟ. ಅದನ್ನು ಉಡದಾರಕ್ಕೆ ಕಟ್ಟಿಕೊಂಡು ಮೆಟ್ಟಿಲೇರುವಾಗ ನನ್ನ ನಡಿಗೆಯೇ ಬದಲಾಗಿತ್ತು. ರೂಮಿನಲ್ಲಿ ಒಂದು ಕಿಟಕಿ, ಒಂದು ಬೆಂಚು, ಒಂದು ನವಾರದ ಮಂಚ. ಆಹಾ, ಮಂಚ! ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಉರುಳಿಯೇಬಿಟ್ಟೆ. ಬಾಗಿಲಲ್ಲಿ ನನ್ನ ಕಿರಿಮಗ ಎರ್ರಿಯ ಧ್ವನಿ ಕೇಳಿತು.

"ಅಪ್ಪಾ, ಹಂಪಿಗೆ ಯಾವಾಗ?"

"ನಿದ್ದಿ ಮಾಡಿ ಎದ್ದ ಮ್ಯಾಲೆ."

"ನಿದ್ದಿ ಯಾವಾಗ ಮುಗೀತೈತಿ?"

ನಾನು ತಲೆ ಎತ್ತಿ ನೋಡಿದೆ. ಹೆಂಡತಿ, ಮಕ್ಕಳು, ಗಂಟುಮೂಟೆ ಎಲ್ಲ ಹೊಸ್ತಿಲ ಆಚೆಯೇ ನಿಂತಿದ್ದವು.

"ಒಳಗ ಬಾರ ಮಾರಾಯ್ತಿ!"

"ಹ್ಯಾಂಗ ಬರ್ಲಿ? ಹಾಲು ಉಕ್ಕಿಲ್ಲ."

"ಇದು ಮನಿ ಅಲ್ಲ, ರೂಮು!"

"ಮಕ್ಳು ಇದ್ರಾಗ ಮಲಗ್ತಾವೋ ಇಲ್ಲೋ?"

"ಮಲಗ್ತಾವ."

"ಉಣ್ತಾವೋ ಇಲ್ಲೋ?"

"ಉಣ್ತಾವ."

"ಹಂಗಾದ್ರ ಮನೀನ. ಯಾವ್ಯಾವ ಊರಾವ್ರು ಬಂದು ಮಲಗಿ ಹೋಗ್ಯಾರೋ ಏನೋ! ಹಾಲು ಉಕ್ಕಿಸ್ಲಾರ್ದ ನಾ ಮಕ್ಳನ್ನ ಒಳಗ ಬಿಡಾಂಗಿಲ್ಲ."

ವಾದಕ್ಕೆ ಇಳಿದರೆ ನಿದ್ದೆ ಹಾಳು. ರೆಪ್ಪೆಗಳು ಆಗಲೇ ಎಳೆಯುತ್ತಿದ್ದವು. "ಹೂಂ, ಜಲ್ದಿ ಉಕ್ಕಿಸು" ಎಂದು ಗೋಡೆಯ ಕಡೆ ಹೊರಳಿದೆ. ಆ ಒಂದು 'ಹೂಂ' ನನ್ನ ಸಾಮ್ರಾಜ್ಯವನ್ನು ಮುಳುಗಿಸಿತು!

ಹಾಲು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು. ಹೋಟೆಲಿನ ಹಾಲು ಜಂಬಮ್ಮನಿಗೆ ನಡೆಯದು, ಚಹಾದ ಚಮಚ ಅದ್ದಿದ ಹಾಲು. ಮನೆ ತುಂಬಿಸುವ ಹಾಲು ತವರಿನ ಕಡೆಯ ದನದ ಹಟ್ಟಿಯಿಂದಲೇ ಬರಬೇಕು. ಹೊಸಪೇಟೆಯಲ್ಲಿ ಅವಳ ತವರಿನ ಕಡೆಯ ಹಟ್ಟಿ ಇರುವುದು ಒಂದೇ ಮನೆಯಲ್ಲಿ. ನನ್ನ ಹಿರಿಮಗಳು ನಿಂಗಿ ಚೆಂಬು ಹಿಡಿದು ನೆಟ್ಟಗೆ ಜಡೆಪ್ಪನ ಮನೆಗೆ ಹೋಗಿ, "ಅಮ್ಮಾ, ನಮ್ಮವ್ವ ಸ್ಟೇಷನ್ ಹತ್ರ ಹಾಲು ಉಕ್ಕಿಸ್ತಾಳಂತ, ಹಾಲು ಕೊಡ್ಬೇಕಂತ" ಎಂದು ತಾಯಕ್ಕನಿಗೆ ಹೇಳಿ ತುಂಬಿಸಿಕೊಂಡು ಬಂದಳು. ತೆಗೆದುಕೊಂಡ ಭಾಷೆ ಏನಾಯಿತು ಎಂದು ಆಮೇಲೆ ಕೇಳಿದರೆ, "ನೀವು ಬಂದೀವಿ ಅಂತ ಹೇಳಬ್ಯಾಡ ಅಂದಿದ್ರಿ. ಹಾಲು ಕೇಳಬ್ಯಾಡ ಅಂದಿರ್ಲಿಲ್ಲ" ಎಂದಳು ಅವಳ ತಾಯಿ!

ನನಗೆ ಎಚ್ಚರವಾದದ್ದು ಕೆಮ್ಮಿನಿಂದ. ರೂಮಿನ ನಡುವೆ ಮೂರು ಇಟ್ಟಿಗೆ, ಅವುಗಳ ನಡುವೆ ಹಸಿಕುಳ್ಳು, ಮೇಲೆ ಹಾಲಿನ ಹಿತ್ತಾಳೆ ಗುಂಡಿಗೆ. ಹೊಗೆಯಲ್ಲಿ ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ. ಅದು ಕಿಟಕಿಯಿಂದ ಹೊರಟು ಬೀದಿಗೆ ಇಳಿದಿತ್ತು. ಕೆಳಗಿನಿಂದ ಮರುಳಸಿದ್ದಪ್ಪ "ಬೆಂಕೀ! ಬೆಂಕೀ!" ಎಂದು ಕೂಗಿದ. ಪಕ್ಕದ ರೂಮಿನ ಏಜೆಂಟರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಪೆಟ್ಟಿಗೆ ಸಮೇತ ಮೆಟ್ಟಿಲ ಕಡೆ ಓಡಿದರು. ಮರುಳಸಿದ್ದಪ್ಪ ತುಂಬಿದ ಕೊಡ ಹೊತ್ತು ಒಳಗೆ ನುಗ್ಗಿ, ಎಲ್ಲಿ ಬೆಂಕಿ ಎಂದು ಕಾಣದೆ, ಅಂದಾಜಿನ ಮೇಲೆ ಸುರಿದ.

ಅಂದಾಜು ತಪ್ಪಿತು. ಮಂಚದ ಮೇಲೆ ನಾನಿದ್ದೆ.

ಅದೇ ಗಳಿಗೆಗೆ ಜಂಬಮ್ಮ ಚಪ್ಪಾಳೆ ತಟ್ಟಿದಳು. "ಉಕ್ಕಿತ್ರೀ! ಮೂಡಣ ದಿಕ್ಕಿಗೇ ಉಕ್ಕಿತು! ಭಾಳ ಚಲೋ ಆತು!"

"ಏನ್ ಚಲೋ ಆತ್ರಿ? ಹೋಟೆಲ್ ಸುಡಾಕ ಬಂದೀರೇನು? ಕಟ್ರಿ ಗಂಟು!" ಎಂದು ಮರುಳಸಿದ್ದಪ್ಪ ಅಬ್ಬರಿಸಿದ. ನಾನು ತೊಯ್ದ ಅಂಗಿ ಹಿಂಡುತ್ತ ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆಗಳ ಸದ್ದು ಕೇಳಿಸಿತು. ಒಂದು ಕೈಯ ಬಳೆಗಳಲ್ಲ, ಒಂದು ಓಣಿಯ ಬಳೆಗಳು!

ಮುಂದೆ ತಾಯಕ್ಕ, ಕೈಯಲ್ಲಿ ಉಡಿ ತುಂಬುವ ಮೊರ. ಹಿಂದೆ ಸೊಸೆಯಂದಿರು, ದೀಪದ ಕಂಬ, ಬಾಳೆಗೊನೆ. ಅವರ ಹಿಂದೆ ಮೊಮ್ಮಕ್ಕಳ ದಂಡು. ಅದರ ಹಿಂದೆ ಅಕ್ಕಪಕ್ಕದ ಮನೆಯವರು.

"ಹೊಸಪ್ಯಾಟ್ಯಾಗ ಮನಿ ಮಾಡೀರಿ! ಒಂದು ಮಾತು ಹೇಳಲಿಲ್ಲ!" ತಾಯಕ್ಕನ ಕಣ್ಣಲ್ಲಿ ನೀರಿತ್ತು. ಅದು ಹೊಗೆಯ ನೀರೋ ದುಃಖದ ನೀರೋ ತಿಳಿಯದೆ ನಾನು ಇನ್ನಷ್ಟು ಹೆದರಿದೆ. "ನಾವೇನು ಸತ್ತಿದ್ವೇನು? ಕೂಸಿನ ಕೈಯಾಗ ಹಾಲು ತರಸ್ಕೊಂತೀರಿ, ನಮ್ಮನ್ನ ಕರ್ಯಾಂಗಿಲ್ಲ?"

"ಅತ್ತೀ, ಇದು ಮನಿ ಅಲ್ರಿ. ರೂಮು. ನಾಕು ದಿನದ ಮಟ್ಟಿಗೆ..."

"ಹಾಲು ಉಕ್ಕೇತೋ ಇಲ್ಲೋ?"

ನಾನು ನೆಲ ನೋಡಿದೆ. ಹಾಲು ಹರಿದು ನನ್ನ ಚಪ್ಪಲಿಯ ತನಕ ಬಂದಿತ್ತು.

"ಉಕ್ಕೇತ್ರಿ."

"ಮತ್ತ? ನಾಕು ದಿನಕ್ಕ ಯಾರರ ಹಾಲು ಉಕ್ಕಸ್ತಾರೇನು?"

ಜಂಬಮ್ಮ ನನ್ನತ್ತ ಕಣ್ಣು ಬಿಟ್ಟಳು. 'ನಿಮ್ಮ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಇಲ್ಲಿ ಬಂದೆವು' ಎಂದು ಬಾಯಿ ಬಿಟ್ಟರೆ ಅವಳ ತವರಿನ ಬಾಗಿಲು ಮುಚ್ಚಿದಂತೆಯೇ. ನಾನು ಬಾಯಿ ಮುಚ್ಚಿಕೊಂಡೆ. ಹೀಗೆ, ನೋಡನೋಡುತ್ತ, ನಾನು ಹೊಸಪೇಟೆಯ ನಿವಾಸಿಯಾದೆ.

ನನಗೆ ಉಳಿದಿದ್ದ ಆಸರೆ ಮರುಳಸಿದ್ದಪ್ಪ ಒಬ್ಬನೇ. ಇವನಾದರೂ ಎಲ್ಲರನ್ನೂ ಹೊರಗೆ ಹಾಕುತ್ತಾನೆ ಎಂದು ಅವನ ಕಡೆ ಆಸೆಯಿಂದ ನೋಡಿದೆ. ತಾಯಕ್ಕನೂ ನೋಡಿದಳು.

"ನೀ ಗಾದಿಗನೂರಾವ ಅಲ್ಲೇನೋ? ಹೊಳೆಮ್ಮನ ಮಗಾ?"

"ಹೌದ್ರಿ..."

"ಎಲಾ ಇವ್ನ! ಗಾದಿಗನೂರು ನನ್ನ ತವರುಮನಿ! ನಿಮ್ಮವ್ವ ನಾನು ಕೂಡಿ ಕಡ್ಲಿ ಕಿತ್ತೀವಿ!"

ಮುಗಿಯಿತು. ಬೆಂಕಿ, ಹೊಗೆ, ಕಪ್ಪಾದ ನೆಲ ಎಲ್ಲ ಆ ಕ್ಷಣಕ್ಕೆ ಮಾಫಿ! "ಅಕ್ಕಾ, ನೀವೇನೂ ಚಿಂತಿ ಮಾಡಬ್ಯಾಡ್ರಿ. ಶಾವಿಗಿ ಪಾಯಸ ನಾ ಮಾಡಸ್ತೀನಿ. ಕುಂದ್ರಿ, ಎಲ್ರೂ ಕುಂದ್ರಿ!" ಎಂದು ಅವನೇ ಚಾಪೆ ಹಾಸಿದ. ನನಗೆ ಬಾಳೆ ಎಲೆ ತರುವ ಕೆಲಸ ಬಂತು. ಆಮೇಲೆ ನೀರು ಬಡಿಸುವ ಕೆಲಸ. ಅರ್ಧ ಗಡ್ಡದ ಏಜೆಂಟರೂ ಪಂಕ್ತಿಯಲ್ಲಿ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡು, "ಮನೆ ಚೆನ್ನಾಗಿದೆ, ಗಾಳಿ ಸ್ವಲ್ಪ ಕಡಿಮೆ" ಎಂದರು.

ಊಟವಾಯಿತು. ಹೊರಗೆ ಬಿಸಿಲು ಕಾದಿತ್ತು. ಅಷ್ಟರಲ್ಲಿ ಎರ್ರಿ ಮತ್ತು ಜಡೆಪ್ಪನ ಮೊಮ್ಮಕ್ಕಳು ಎಲ್ಲರೂ ಮಂಚ ಹತ್ತಿ ಕುಣಿದು ಅದರ ಒಂದು ಕಾಲು ಮುರಿದು, ಇಳಿಜಾರಾದ ಮಂಚದ ಮೇಲೇ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದರು. ನೆಲದ ಮೇಲೆ ಸೊಸೆಯಂದಿರು, ನಿಂಗಿ, ಜಂಬಮ್ಮ ಸಾಲಾಗಿ ಸೆರಗು ಹಾಸಿಕೊಂಡು ಮಲಗಿದರು. ಎಂಥ ನೆಮ್ಮದಿಯ ಉಸಿರು! ನಾನು ಬಾಗಿಲಲ್ಲಿ ಒಂಟಿಕಾಲಿನ ಮೇಲೆ ನಿಂತಿದ್ದೆ. ಎರಡನೆಯ ಕಾಲಿಡಲು ಜಾಗವಿರಲಿಲ್ಲ.

"ಹೆಣ್ಮಕ್ಳು ಮಲಗಿದಲ್ಲಿ ಗಂಡಸ್ರದೇನು ಕೆಲ್ಸ?" ಎಂದಳು ತಾಯಕ್ಕ ಮಗ್ಗುಲಾಗುತ್ತ. "ಹೆಂಗೂ ನಮ್ಮನಿ ಖಾಲಿ ಐತಿ. ಅಲ್ಲೇ ಹೋಗಿ ಅಡ್ಡಾಗ್ರಿ."

ಬೀಗದ ಕೈ ನನ್ನ ಉಡದಾರದಲ್ಲೇ ಇತ್ತು! ಅದು ತೊಡೆಗೆ ಬಡಿಯುತ್ತಿದ್ದಂತೆ, ಬೆವರಿಗೆ ತೊಯ್ದ ಅಂಗಿಯಲ್ಲಿ, ಕಾದ ರಸ್ತೆಯ ಮೇಲೆ ಹೊರಟೆ. ಯಾವ ಮನೆಗೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದ್ದೆನೋ ಆ ಮನೆಗೆ. ದಣಿವಿಗೆ ನಡುರಸ್ತೆಯಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಆದರೂ ಒಳಗೊಳಗೇ ಒಂದು ಆಸೆ ಚಿಗುರಿತು. ಮನೆ ಖಾಲಿ ಇದೆಯಲ್ಲ! ತಂಪು ಮಣ್ಣಿನ ಮನೆ. ಮಕ್ಕಳಿಲ್ಲ. ಸೊಸೆಯಂದಿರಿಲ್ಲ. ಮಾವ ಹಗಲು ಅಂಗಡಿಯಲ್ಲಿರುತ್ತಾನೆ. ಕೊನೆಗೂ ನಿದ್ದೆ!

ಬಾಗಿಲು ತಳ್ಳಿದೆ. ಪಡಸಾಲೆಯಲ್ಲಿ ಜಡೆಪ್ಪ ಮಾವ ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡು ಚಾಪೆಯ ಮೇಲೆ ಮಲಗಿದ್ದ. ನನ್ನನ್ನು ಕಂಡದ್ದೇ ಹಾವು ಕಂಡವನಂತೆ ಎದ್ದು ಕೂತ.

"ಅಳಿಯಾರ! ನೀವ್ಯಾಕ ಬಂದ್ರಿ?"

"ರೂಮಿನ್ಯಾಗ ಜಾಗ ಇಲ್ರಿ, ಮಾವ. ನಿಮ್ಮೋರೆಲ್ಲಾ ಅಲ್ಲೇ ಅದಾರ."

"ಗೊತ್ತೈತಿ. ನಾನ ಕಳ್ಸೀನಿ. ತಾಯಕ್ಕ ಒಬ್ಬಾಕಿನ ಹೋಗಿ ಬರ್ತೀನಿ ಅಂದ್ಲು. ಒಬ್ಬಾಕಿ ಯಾಕ, ಸೊಸೆಂದ್ರು ಮೊಮ್ಮಕ್ಳು ಓಣಿಯೋರು ಎಲ್ರನೂ ಕರ್ಕೊಂಡು ಹೋಗು, ಸಂಜಿತನ ಬರಬ್ಯಾಡ ಅಂದೆ."

"ಯಾಕ್ರಿ ಮಾವ?"

"ನಿದ್ದಿ ಮಾಡಾಕ!" ಅವನು ನನ್ನನ್ನೇ ದಿಟ್ಟಿಸಿದ. "ವರ್ಸಾ ನೀವು ಬಂದಾಗ ನಾ ಗ್ವಾಡಿಗೆ ಒರಗಿ ಕುಂತು ತಂಬಾಕು ಜಗೀತೀನಲ್ಲ, ಯಾಕ ಅಂತ ಮಾಡೀರಿ?"

"ಕೆಮ್ಮಿಗೇನೋ ಅಂತ..."

"ನಿಮ್ಮ ಗೊರಕಿಗ್ರಿ! ನೀವು ಕಣ್ಣು ಮುಚ್ಚಿದ ಕೂಡ್ಲೆ ಈ ಮನ್ಯಾಗ ಅಕ್ಕಿ ಗಿರಣಿ ಚಾಲೂ ಆಗತೈತಿ. ಹಟ್ಟ್ಯಾಗಿನ ಎಮ್ಮಿ ಹಗ್ಗ ಹರ್ಕೊಂಡಿದ್ದು ನೆನಪೈತೇನು? ಕಳ್ಳ ಬಂದಿದ್ದ ಅಂತ ನಿಮಗ ಹೇಳಿದ್ವಿ. ಯಾವ ಕಳ್ಳ ಬರ್ತಾನ ಆ ಸಪ್ಪಳಕ್ಕ? ಅಳಿಯಾರು ಇದೇ ಊರಾಗ ಮನಿ ಮಾಡ್ಯಾರ, ಇನ್ನ ಮ್ಯಾಲೆ ಇಲ್ಲಿ ಮಲಗಾಂಗಿಲ್ಲ ಅಂತ ಕೇಳಿ ನಾ ಮನಿದೇವ್ರಿಗೆ ಕಾಯಿ ಒಡಿಸಿದೆ!"

ಜಂಬಮ್ಮನ ಆ ನೋಟದ ಅರ್ಥ ಈಗ ಆಯಿತು. ಇಷ್ಟು ವರ್ಷ ಈ ಮುದುಕ ನನ್ನ ನಿದ್ದೆ ಕೆಡಿಸುತ್ತಾನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ! ನಾಚಿಕೆಯಿಂದ ತಲೆ ತಗ್ಗಿಸಿ ನಿಂತೆ. ಅಂಗಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅದನ್ನು ಕಂಡು ಅವನ ಮನಸ್ಸು ಕರಗಿರಬೇಕು.

"ನಿಮ್ಮ ಗಿರಣಿ ಎಂಜಿನ್ನು ರಿಪೇರಿಗೆ ಬಳ್ಳಾರಿಗೆ ಹೋಗೇತಂತಲ್ಲ?"

"ಹೌದ್ರಿ, ಮಾವ."

"ಅದರ ಜೋಡಿ ನೀವೂ ಹೋಗಬೇಕಿತ್ತು" ಎಂದು ನಿಟ್ಟುಸಿರು ಬಿಟ್ಟು ಇನ್ನೊಂದು ಚಾಪೆ ತೋರಿಸಿದ. "ಆತು, ಬಂದೀರಿ. ಆದ್ರ ಒಂದು ಮಾತು. ಮೊದ್ಲು ನಾ ಮಲಗ್ತೀನಿ. ನನಗ ನಿದ್ದಿ ಹತ್ತಿದ ಮ್ಯಾಲೆ ನೀವು ಮಲಗ್ರಿ. ಅದಕ್ಕಿಂತ ಮುಂಚೆ ಕಣ್ಣು ಮುಚ್ಚಬ್ಯಾಡ್ರಿ, ನಿಮಗ ಕೈ ಮುಗೀತೀನಿ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಅವನು ಕೂರುತ್ತಿದ್ದ ಜಾಗದಲ್ಲೇ, ಅದೇ ಗೋಡೆಗೆ ಒರಗಿ, ಅವನ ತಂಬಾಕಿನ ಚೀಲದಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಾಯುತ್ತ ಕೂತೆ. ಮನೆ ನಿಶ್ಶಬ್ದವಾಗಿತ್ತು. ನಾನು ವರ್ಷವಿಡೀ ಕನಸು ಕಂಡಿದ್ದ ನಿಶ್ಶಬ್ದವೇ ಅದು. ರೆಪ್ಪೆ ಬೀಳುತ್ತಿತ್ತು, ಎತ್ತುತ್ತಿದ್ದೆ. ಮತ್ತೆ ಬೀಳುತ್ತಿತ್ತು, ಮತ್ತೆ ಎತ್ತುತ್ತಿದ್ದೆ. ಮಾವ ಅಲುಗಾಡುವುದು ನಿಂತು ಬಹಳ ಹೊತ್ತಾಗಿತ್ತು. ಇನ್ನು ತಡೆಯಲಾಗಲಿಲ್ಲ. ಅವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದೆ:

"ಮಾವ, ನಿದ್ದಿ ಬಂತೇನ್ರಿ?"

"ಬಂದಿತ್ತು" ಎಂದ ಜಡೆಪ್ಪ ಮಾವ, ಎದ್ದು ಕೂತು ತಂಬಾಕಿನ ಚೀಲಕ್ಕೆ ಕೈ ಚಾಚುತ್ತ.