ಸೊಸೆಯ ನಡುಮನೆ ಶಾಲೆ

ಶಾಲೆಗೆ ಹೋಗದ ಮಕ್ಕಳಿರುವ ಮನೆಯಲ್ಲಿ ರಗಳೆಯಿಲ್ಲದೆ ಒಂದು ದಿನ ಕಳೆಯಿತು ಅಂದರೆ ಅದು ಭಾನುವಾರ ಅಂತ ತಿಳಿಯಬೇಕು. ಭಾನುವಾರ ರಗಳೆ ಆಗುವುದು ಚರ್ಚಿನಲ್ಲಿ.

ನಂಜನಗೂಡಿನಲ್ಲಿ ರೈಲು ಹಳಿಯ ಪಕ್ಕದ ಮನೆ ನಮ್ಮದು. ಮಕ್ಕಳಿಗೆ ಮನೆಯಲ್ಲೇ ಕಲಿಸಬೇಕು ಅಂತ ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದ್ದು ಮನಸ್ಸಿಗೆ ನಾಟಿ, ಸೊಸೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಶಾಲೆಗೇ ಕಳಿಸಲಿಲ್ಲ. ದೇವರ ವಾಕ್ಯದ ಜೊತೆಗೆ ಕನ್ನಡ, ಲೆಕ್ಕ ಎಲ್ಲಾ ನಡುಮನೆಯಲ್ಲೇ. ಮಗನಿಗೆ ಒಳಗೊಳಗೇ ಅಳುಕು. “ದೊಡ್ಡವಳು ಏಳನೇ ಕ್ಲಾಸಿನ ಪರೀಕ್ಷೆ ಪಾಸಾಗಬೇಕು. ಇಲ್ದಿದ್ರೆ ಇಬ್ರೂ ಮೈಸೂರಿನ ಹಾಸ್ಟೆಲಿಗೆ” ಅಂದುಬಿಟ್ಟ. ಅವತ್ತಿನಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಆ ಮಕ್ಕಳಿಲ್ಲದ ಮನೆಯಲ್ಲಿ ನಾನು ಯಾರ ಮೇಲೆ ರೇಗಲಿ?

ಗಂಟೆ

ಸುಮ್ಮನೆ ಓಡಾಡುವ ಬದಲು ಊಟದ ಗಂಟೆ ಹೊಡೀರಿ ಅಂತ ಸೊಸೆ ನನ್ನ ಕೈಗೆ ಹಿತ್ತಾಳೆ ತಟ್ಟೆ, ಸೌಟು ಕೊಟ್ಟಳು. ಗಡಿಯಾರ ನೋಡೋಕೆ ನನಗೆ ಬಾರದು. ಹೊಟ್ಟೆ ಹೇಳಿದಾಗ ಬಾರಿಸುತ್ತಿದ್ದೆ. ಒಂದು ದಿನ ಬೆಳಗ್ಗೆ ತಿಂಡಿ ಸಾಲದೆ ಹನ್ನೊಂದಕ್ಕೇ ಬಾರಿಸಿದೆ. ಗೋಡೆಯಾಚೆಗಿನ ಶಾಲೆಯ ಮಕ್ಕಳೆಲ್ಲಾ ಹೋ ಅಂತ ಬ್ಯಾಗು ಎತ್ತಿಕೊಂಡು ಮನೆಗೆ ಓಡಿದವು. ಹಿಂದೆಯೇ ಅಲ್ಲಿನ ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು.

“ಅಜ್ಜಿ, ನಿಮ್ ಶಾಲೆ ಚೆನ್ನಾಗಿ ನಡೀಲಿ. ಆದ್ರೆ ನಮ್ ಶಾಲೆ ಮುಚ್ಚಿಸ್ಬೇಡಿ ಕಣ್ರೀ!”

ಪಟ್ಟಿ

ಶಾಲೆಗೆ ಹೋಗದವರ ಪಟ್ಟಿ ಮಾಡಲು ಒಬ್ಬರು ಮನೆಮನೆಗೆ ಬರುತ್ತಿದ್ದಾರೆ ಅಂತ ಸುದ್ದಿ ಬಂತು. ಪಕ್ಕದ ಮನೆಯಾಕೆ ಬೇಲಿಯಿಂದಲೇ, “ಮಕ್ಳುನ್ನ ಇಡ್ಕೊಂಡು ಓಯ್ತಾರಂತೆ ಕಣಕ್ಕೋ!” ಅಂದಳು. ನಾನು ಮಕ್ಕಳನ್ನು ಅಡುಗೆಮನೆಗೆ ನೂಕಿ, ಬಾಗಿಲಿಗೆ ಅಡ್ಡ ಕೂತೆ. ಪಟ್ಟಿಯವನು ಬಂದೇಬಿಟ್ಟ.

“ಈ ಮನೇಲಿ ಶಾಲೆ ಮುಖ ನೋಡದೋರು ಯಾರಾದ್ರೂ ಇದ್ದಾರಾ?”

ಕ್ರೈಸ್ತಳಾಗಿ ಸುಳ್ಳು ಹೇಳೋದು ಹೇಗೆ? “ಇದೀನಲ್ಲಪ್ಪ, ನಾನೇ” ಅಂದೆ.

ಆತ ನನ್ನ ಬಿಳಿ ತಲೆ ನೋಡಿ ಪೆನ್ನು ಮುಚ್ಚಿದ. “ನಿಮ್ಮನ್ನ ಸೇರಿಸ್ಕೊಂಡ್ರೆ ಮೇಷ್ಟ್ರೇ ಎದ್ದು ನಿಲ್ಬೇಕಾಯ್ತದೆ, ಬುಡಿ.”

ಪೋಷಕರ ಸಭೆ

ಶಾಲೆ ಅಂದಮೇಲೆ ಪೋಷಕರ ಸಭೆಯೂ ಇರಬೇಕು ಅಂತ ಸೊಸೆಯ ಹಟ. ಫ್ಯಾಕ್ಟರಿಯಿಂದ ಬಂದ ಗಂಡನನ್ನು ಚಪ್ಪಲಿ ಬಿಡಿಸಿ, ಮುಂದೆ ನಿಲ್ಲಿಸಿ, ತಾನು ಕುರ್ಚಿಯ ಮೇಲೆ ಕೂತಳು.

“ನಿಮ್ಮ ಚಿಕ್ಕ ಮಗಳು ಪಾಠದ ಮಧ್ಯೆ ಎದ್ದು ಹೋಗಿ ಬೆಲ್ಲ ತಿಂತಾಳೆ. ದೊಡ್ಡವಳು ಎದುರುತ್ತರ ಕೊಡ್ತಾಳೆ. ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?”

ಮಗ ಕೈಕಟ್ಟಿ ಹೇಳಿದ: “ನಾನೇನ್ ಮಾಡ್ಲಿ ಟೀಚರ್? ಎಲ್ಲಾ ಅವರಮ್ಮ ಕೊಟ್ಟ ಸಲುಗೆ.”

ಅವತ್ತು ಪೋಷಕರಿಗೆ ಊಟವಿರಲಿಲ್ಲ.

ಪರೀಕ್ಷೆ

ಕೊನೆಗೆ ಟಿ. ನರಸೀಪುರದ ಒಂದು ಶಾಲೆಯ ಹೆಡ್‌ಮೇಡಂ, ಹಾಸ್ಟೆಲಿನ ವಿಷಯವೆಲ್ಲಾ ಕೇಳಿ, ತಮ್ಮ ಏಳನೇ ಕ್ಲಾಸಿನ ಮಕ್ಕಳ ಜೊತೆ ದೊಡ್ಡವಳೂ ಪರೀಕ್ಷೆ ಬರೆಯಲಿ ಅಂತ ಒಪ್ಪಿದರು. ಸೊಸೆಗೆ ಜ್ವರ. ನಾನೇ ಕರೆದುಕೊಂಡು ಹೊರಟೆ. ಬಸ್ಸು ಸುತ್ತೂರು ದಾಟುವಷ್ಟರಲ್ಲಿ ನಾನು ಹತ್ತು ಸಲ ಪ್ರಾರ್ಥನೆ ಮಾಡಿದ್ದೆ. ಹುಡುಗಿ ಎರಡು ಸಲ ನಿದ್ದೆ ಮಾಡಿದ್ದಳು.

ಉಳಿದ ಪಾಠಗಳನ್ನು ಮೇಡಂ ಮೊದಲೇ ಬಾಯಲ್ಲಿ ಕೇಳಿ ಮುಗಿಸಿದ್ದರು; ಅವತ್ತು ಲೆಕ್ಕದ ಪರೀಕ್ಷೆ. ನಾನು ಕಿಟಕಿಯ ಹೊರಗೆ ಜಗುಲಿಯಲ್ಲಿ ಅತ್ತಿಂದಿತ್ತ, ಇತ್ತಿಂದತ್ತ. ನಮ್ಮವಳು ಎಲ್ಲರಿಗಿಂತ ಮೊದಲು ಮುಗಿಸಿದಳು. ಆಮೇಲೆ ಎದ್ದು ಹೋಗಿ, ಪಕ್ಕದ ಬೆಂಚಿನಲ್ಲಿ ಅಳುತ್ತಿದ್ದ ಹುಡುಗಿಯ ಪೆನ್ಸಿಲು ತಗೊಂಡು ಭಾಗಾಕಾರ ಹೇಳಿಕೊಡೋಕೆ ಶುರುಮಾಡಿದಳು! ನಮ್ಮ ಮನೆ ಕಟ್ಟಳೆಯೇ ಹಾಗೆ. ತನಗೆ ಬಂದದ್ದನ್ನು ತಂಗಿಗೆ ಕಲಿಸಿದ ಮೇಲೇ ಅವಳ ಪಾಠ ಮುಗಿದ ಹಾಗೆ.

ಕಾವಲಿಗಿದ್ದ ಮೇಷ್ಟ್ರು ಹೌಹಾರಿದರು. “ಏಯ್! ಏನ್ ಮಾಡ್ತಿದೀಯಾ?”

“ಇವಳಿಗೆ ಶೇಷ ತೆಗೆಯೋಕೆ ಬರ್ತಿಲ್ಲ ಸಾ. ನೀವು ಸುಮ್ನೆ ಓಡಾಡ್ತಿದ್ರಲ್ಲ, ಅದಕ್ಕೇ ನಾನು ಬಂದೆ.”

ಅವಳನ್ನು ನೇರವಾಗಿ ಹೆಡ್‌ಮೇಡಂ ಕೋಣೆಗೆ ಎಳೆದುಕೊಂಡು ಹೋದರು. ಹಿಂದೆ ನಾನೂ ಓಡಿದೆ. ಹಾಸ್ಟೆಲಿನ ಟ್ರಂಕು ಆಗಲೇ ಕಣ್ಣಮುಂದೆ ಬಂದಿತ್ತು.

“ಪರೀಕ್ಷೇಲಿ ಪಕ್ಕದೋರ ಜೊತೆ ಮಾತಾಡ್ಬಾರ್ದು ಅಂತ ಗೊತ್ತಿಲ್ವೇನೇ?” ಅಂದರು ಮೇಡಂ.

“ನಮ್ಮ ಮನೇಲಿ ಪರೀಕ್ಷೆ ಇದ್ದಾಗ ಪಕ್ಕದಲ್ಲಿ ಯಾರೂ ಇರಲ್ಲ ಮೇಡಂ. ಎಮ್ಮೆ ಒಂದಿರ್ತದೆ.”

ಮೇಡಂ ತುಟಿ ಕಚ್ಚಿಕೊಂಡರು. ಮೇಷ್ಟ್ರನ್ನು ವಾಪಸ್ಸು ಕಳಿಸಿ, ಬೇರೆ ಪ್ರಶ್ನೆಪತ್ರಿಕೆ ತೆಗೆದು ತಮ್ಮೆದುರಿಗೇ ಬರೆಸಿದರು. ನಾನು ಅಲ್ಲೂ ಅತ್ತಿಂದಿತ್ತ. “ಅಜ್ಜಿ, ಕೂತ್ಕೊಳ್ಳಿ, ನಂಗೇ ತಲೆ ತಿರುಗ್ತಿದೆ” ಅಂತ ಗದರಿಸಿ, ಅಲ್ಲೇ ತಿದ್ದಿ, ಪೆನ್ನು ಕೆಳಗಿಟ್ಟರು.

“ಒಂದೂ ತಪ್ಪಿಲ್ಲ. ಇವಳು ಪಾಸು. ನಿಮ್ಮ ಮಗನಿಗೆ ನಾನೇ ಕಾಗದ ಬರೀತೀನಿ, ಯಾವ ಹಾಸ್ಟೆಲೂ ಬೇಡ.”

ನನಗೆ ಅಳು, ನಗು ಎರಡೂ ಬಂದು ಸೆರಗು ಬಾಯಿಗಿಟ್ಟುಕೊಂಡೆ. ಹುಡುಗಿ ಮಾತ್ರ ಕದಲದೆ ಅಲ್ಲೇ ನಿಂತಿದ್ದಳು.

“ಇನ್ನೇನೇ?” ಅಂದರು ಮೇಡಂ.

“ಆ ಸಾರ್‌ಗೆ ಲೆಕ್ಕ ಬರಲ್ಲ ಅಂತ ಕಾಣುತ್ತೆ ಮೇಡಂ, ಪಾಪ. ಯಾರ್ ಏನ್ ಕೇಳಿದ್ರೂ ‘ಬಾಯ್ಮುಚ್ಕೊಂಡು ಬರಿ’ ಅಂತಾರೆ. ನಮ್ಮ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ, ಅವರನ್ನ ಕರೀರಿ, ಹೇಳ್ಕೊಟ್ಟೇ ಹೋಗ್ತೀನಿ.”