ಗುತ್ಯಮ್ಮನ ಹಾಡಿಗೆ ನನ್ನ ಗಂಡನ ಎರಡನೇ ಹಸೆ

ಯಂತ್ರ ಎಂದೂ ತಪ್ಪು ಮಾಡುವುದಿಲ್ಲ. ಮನುಷ್ಯ ಮಾಡಿ ಅದರ ತಲೆಗೆ ಕಟ್ಟುತ್ತಾನೆ! ಸಾಗರದಲ್ಲಿ ನಿವೃತ್ತಿಯವರೆಗೂ ಭೌತಶಾಸ್ತ್ರ ಕಲಿಸಿದ ನಾನು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದ ಮಾತಿದು.

೧೯೮೭ರಲ್ಲಿ ನನ್ನ ಗಂಡನ ಅಕ್ಕ ಗುತ್ಯಮ್ಮನ ಗಂಟಲಿನ ಗಡ್ಡೆಗೆ ಆಪರೇಷನ್ ಗೊತ್ತಾಯಿತು. ದನಿ ಹೀಗೇ ಉಳಿಯುತ್ತದೆಂದು ಹೇಳಲಾಗದು ಅಂದರು ಡಾಕ್ಟರು. ಮದುಮಕ್ಕಳನ್ನು ಹಸೆಗೆ ಕೂರಿಸಿ ಹಾಡುವ ಹಾಡು ಪೂರ್ತಿ ಬರುವುದು ಅತ್ತಿಗೆಯೊಬ್ಬರಿಗೇ. ಮೊಮ್ಮಗಳು ಗಂಗಾಳ ಮದುವೆಯಲ್ಲಿ ಅದನ್ನು ಹಾಡಬೇಕೆಂಬುದು ಅವರ ಒಂದೇ ಆಸೆ. ಮನೆಯವರೆಲ್ಲ ಕಣ್ಣೊರೆಸಿಕೊಂಡರು. ನಾನು ರಿಪ್ಪನ್‌ಪೇಟೆಯ ಬಸ್ಸು ಹತ್ತಿದೆ.

ಅಲ್ಲಿಯ ವೀಡಿಯೋ ಅಂಗಡಿಯ ಶ್ಯಾಮ ಕ್ಯಾಮೆರಾ, ವಿ.ಸಿ.ಆರ್. ಎರಡನ್ನೂ ಬಾಡಿಗೆಗೆ ಕೊಟ್ಟ.

"ನಿಧಾನ ಸ್ಪೀಡಲ್ಲಿ ಹಾಕಿ ಮೇಡಂ, ಒಂದೇ ಕ್ಯಾಸೆಟ್ಟಲ್ಲಿ ಎರಡರಷ್ಟು ಹಿಡಿಯುತ್ತೆ. ಚಿತ್ರ ಒಂಚೂರು ಮಂಕಾಗುತ್ತೆ, ಅಷ್ಟೇ."

"ಒತ್ತಿ ತುಂಬೋದು ಉಪ್ಪಿನಕಾಯಿ ಭರಣಿಗೆ! ನನಗೆ ಒಂದು ಹನಿಯೂ ಸೋರಬಾರದು!"

ಮನೆಗೆ ತಂದರೆ, ಕ್ಯಾಮೆರಾದ ಪಿನ್ನು ವಿ.ಸಿ.ಆರ್.ನ ತೂತಿಗೆ ಹೋಗಲೊಲ್ಲದು! ಜಾತಕ ಕೂಡದ ಜೋಡಿ. ನಾನು ಬಿಡುವವಳೇ? ವೈರು ಕತ್ತರಿಸಿ, ಬೆಸುಗೆ ಹಾಕಿ, ಒಂದು ಕವಲನ್ನು ವಿ.ಸಿ.ಆರ್.ಗೂ ಇನ್ನೊಂದನ್ನು ಟಿ.ವಿ.ಗೂ ಕೊಟ್ಟೆ. ಟಿ.ವಿ.ಯಲ್ಲಿ ಅತ್ತಿಗೆ ಎಲೆಯಡಿಕೆ ಜಗಿಯುತ್ತ ಮೂಡಿಬಂದರು!

"ಇನ್ನು ಚಂದ್ರಲೋಕ ಒಂದೇ ಬಾಕಿ" ಎಂದರು ನನ್ನ ಗಂಡ ಮಂಜುನಾಥಪ್ಪ.

"ಹಾಡಿ, ಅತ್ತಿಗೆ."

"ಯಾರಿಗೆ? ಹಸೆ ಖಾಲಿ ಇದ್ರೆ ಮದುವೆ ಹಾಡು ಹಾಡ್ಬಾರ್ದು, ಮಾರಾಯ್ತಿ. ನೀವಿಬ್ರೂ ಕೂರಿ."

"ನಮ್ಮ ಮದುವೆ ಆಗಿ ಎಷ್ಟು ಕಾಲವಾಯಿತು!"

"ಆವಾಗ ನಾ ಬಾಣಂತಿ, ಹಾಡ್ಲೇ ಇಲ್ಲ. ಆ ಬಾಕಿ ಇವತ್ತು ತೀರ್ತದೆ."

ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಇಟ್ಟು, ವಿ.ಸಿ.ಆರ್.ನ ಗುಂಡಿ ಒತ್ತಿ, ಅರವತ್ತು ದಾಟಿದ ನಾನು ಬಾಸಿಂಗ ಕಟ್ಟಿಕೊಂಡು ಕೂತೆ. ಗಂಡ ಬೇಲಿಗೆ ಸಿಕ್ಕಿಕೊಂಡ ಹೋತದ ಹಾಗೆ ಮುಖ ಮಾಡಿದ್ದರು. ಅತ್ತಿಗೆ ಮಾತ್ರ ಗಂಟಲ ಗಡ್ಡೆಯನ್ನು ಒಂದು ಕೈಯಲ್ಲಿ ಹಿಡಿದು, ಒಂದು ಸಾಲೂ ಬಿಡದೆ ಹಾಡಿದರು.

ಕ್ಯಾಸೆಟ್ಟು ಹಿಂದಕ್ಕೆ ಸುತ್ತಿ ಹಾಕಿದೆ. ತೆರೆಯ ಮೇಲೆ ಕನ್ನಡಕದ ಮಹಾಶಯರೊಬ್ಬರು ಬಂದು, ದನಗಳ ಕಾಲುಬಾಯಿ ಜ್ವರದ ಬಗ್ಗೆ ಹಿಂದಿಯಲ್ಲಿ ಭಾಷಣ ಬಿಗಿದರು! ಸ್ಪಷ್ಟ ಚಿತ್ರ, ಸ್ಫುಟ ದನಿ, ಒಂದು ಹನಿಯೂ ಸೋರಿರಲಿಲ್ಲ!

ವಿ.ಸಿ.ಆರ್.ನ ಒಂದು ಪುಟ್ಟ ಸ್ವಿಚ್ಚನ್ನು ಕ್ಯಾಮೆರಾ ಕಡೆಗೆ ತಳ್ಳಲು ನಾನು ಮರೆತಿದ್ದೆ. ಅದು ಆಂಟೆನಾದಿಂದ ಬಂದದ್ದನ್ನು ನಿಷ್ಠೆಯಿಂದ ಹಿಡಿದಿತ್ತು.

"ಯಂತ್ರ ತಪ್ಪು ಮಾಡಲ್ಲ, ಅಲ್ವಾ?" ಎಂದರು ಗಂಡ, ಬಾಸಿಂಗ ಬಿಚ್ಚುತ್ತ.

"ಬಾಯಿ ಮುಚ್ಚಿ ಹಸೆಗೆ ಕೂರಿ. ಅತ್ತಿಗೆ, ಇನ್ನೊಂದು ಸಲ."

"ಆಗಲ್ಲ. ಹಸೆಯಿಂದ ಎದ್ದ ಜೋಡಿಗೆ ಮತ್ತೆ ಹಾಡೋ ಹಂಗಿಲ್ಲ. ನಿನ್ ಲೆಕ್ಕ ಮುಗೀತು. ನನ್ ತಮ್ಮಂಗೆ ಬೇರೆ ಹೆಣ್ಣು ನೋಡು."

"ಅಕ್ಕ ಹೇಳಿದ ಮೇಲೆ ಮುಗೀತು!" ಬಿಚ್ಚಿದ ಬಾಸಿಂಗ ಮತ್ತೆ ಹಣೆಗೇರಿತು.

ಮರುದಿನವೇ ಅತ್ತಿಗೆ ಆಸ್ಪತ್ರೆಗೆ ಹೊರಡುವವರು. ಬೇರೆ ದಾರಿ ಎಲ್ಲಿದೆ? ಎದುರುಮನೆಯ ರಂಗಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಹೊಲಿಗೆ ಟೀಚರು, ಐವತ್ತೈದಾದರೂ ಮದುವೆಯಾಗದವಳು. ಕರೆದದ್ದೇ ತಡ, ರೇಷ್ಮೆ ಸೀರೆ ಉಟ್ಟು, ಮುಡಿಗೆ ಅಬ್ಬಲಿಗೆ ಹೂವು ಮುಡಿದು ಬಂದಳು. ಜೀವಮಾನದಲ್ಲಿ ಹಸೆ ಮೆಟ್ಟದ ಹೆಂಗಸು ತಲೆ ತಗ್ಗಿಸಿ ಕೂತಾಗ, ಛೇಡಿಸಲು ಬಾಯಿ ತೆರೆದ ನಾನು ಅವಳ ಸೆರಗು ಸರಿಮಾಡಿದೆ.

ಸ್ವಿಚ್ಚು ತಳ್ಳಿದೆ. ಈ ಸಲ ಸ್ಟೂಲನ್ನು ನಂಬದೆ ಕ್ಯಾಮೆರಾ ನಾನೇ ಹಿಡಿದೆ. ಅತ್ತಿಗೆಯ ದನಿ ಮೊದಲಿಗಿಂತ ತುಂಬಿ ಬಂತು. ಮದುಮಗನೂ ನಕ್ಕ. ನಲವತ್ತು ವರ್ಷದಲ್ಲಿ ನಾನು ಕಾಣದ ನಗೆ!

ಆಪರೇಷನ್ ಆಯಿತು. ಅತ್ತಿಗೆಯ ಜೀವ ಉಳಿಯಿತು, ದನಿ ಪಿಸುಗುಟ್ಟುವಷ್ಟಕ್ಕೆ ಇಳಿಯಿತು. ಗಂಗಾಳ ಮದುವೆಯಲ್ಲಿ ಹಸೆಯ ಪಕ್ಕ ಟಿ.ವಿ. ಇಟ್ಟು ಕ್ಯಾಸೆಟ್ ಹಾಕಿದೆವು. ಅತ್ತಿಗೆ ತಮ್ಮದೇ ಹಾಡು ಕೇಳುತ್ತ ನನ್ನ ಕೈ ಹಿಡಿದುಕೊಂಡರು. ಆಮೇಲೆ ಹತ್ತಿರ ಬಾಗಿ ಪಿಸುಗುಟ್ಟಿದರು:

"ಒಂದ್ ಸಾಲೂ ಹೋಗಿಲ್ಲ, ಶರಾವತಿ. ಎಲ್ಲಾ ಚೆಂದ ಬಂದದೆ. ಆದ್ರೆ ತಮ್ಮ ರಂಗಮ್ಮನ್ನ ನೋಡಿ ನಗೋ ಹೊತ್ತಿಗೆ ಚಿತ್ರ ಯಾಕೆ ಹಂಗೆ ಗಡಗಡ ನಡುಗ್ತದೆ?"

ನಾನು ಕನ್ನಡಕ ಸರಿಮಾಡಿಕೊಂಡು ಹೇಳಿದೆ:

"ಯಂತ್ರದ ದೋಷ."